ಝುಬೈದಾರ ಕಾಲುವೆ ಮತ್ತು ಹೂಳೆತ್ತಿದವರ ಇತಿಹಾಸ

ಅರಫಾತ್ ಮೈದಾನದಲ್ಲಿ ಜಬಲುರ್ರಹ್ಮಾ ಬೆಟ್ಟದ ಬುಡವನ್ನು ಬಳಸಿಕೊಂಡು ಕಲ್ಲಿನ ತಗ್ಗು ಗೋಡೆಯೊಂದು ಹಾದುಹೋಗುತ್ತದೆ. ಹಜ್ ಯಾತ್ರೆ ಕೈಗೊಂಡವರಲ್ಲಿ ಅನೇಕರು ಅದನ್ನು ನೋಡಿರುತ್ತಾರೆ. ಅದು ಏನೆಂದು ತಿಳಿದು ನೋಡಿದವರು ಕಡಿಮೆ. ಕೆಲವು ವರ್ಷಗಳ ಹಿಂದೆ ನನಗೆ ಆ ಭಾಗ್ಯ ದೊರೆತಾಗ, ನಾನೂ ಅದನ್ನು ಯಾವುದೋ ಹಳೆಯ ಕೋಟೆಯ ಅವಶೇಷವೆಂದೇ ಭಾವಿಸಿದೆ. ಅದಕ್ಕೆ ಒರಗಿ ಕುಳಿತು, ಯಾರೋ ಹಂಚಿದ ತಣ್ಣನೆಯ ನೀರಿನ ಬಾಟಲಿಯನ್ನು ಅರ್ಧ ಕುಡಿದು, ಉಳಿದದ್ದರಿಂದ ಮುಖ ತೊಳೆದು, ಖಾಲಿ ಬಾಟಲಿಯನ್ನು ಪಕ್ಕದ ರಾಶಿಯ ಮೇಲಿಟ್ಟು ಎದ್ದೆ. ಆಗ ನಮ್ಮ ತಂಡದ ಹಿರಿಯರೊಬ್ಬರು, "ಮೌಲವಿಗಳೇ, ತಾವು ಇಷ್ಟು ಹೊತ್ತು ಒರಗಿದ್ದು ಐನ್ ಝುಬೈದಾಕ್ಕೆ" ಎಂದರು. ಇಪ್ಪತ್ತು ವರ್ಷ ಮಕ್ಕಳಿಗೆ ಇಸ್ಲಾಮೀ ಇತಿಹಾಸ ಬೋಧಿಸಿದವನು ನಾನು. ಐನ್ ಝುಬೈದಾದ ಹೆಸರು ನನ್ನ ಬಾಯಲ್ಲಿ ನೂರಾರು ಸಲ ಬಂದಿತ್ತು. ಆದರೂ ಬೆನ್ನಿಗೆ ತಗಲಿದ್ದ ಕಲ್ಲನ್ನು ಗುರುತಿಸಲಿಲ್ಲ.

ಊರಿಗೆ ಮರಳಿದ ಮೇಲೆ ಆ ಕಾಲುವೆಯ ವೃತ್ತಾಂತವನ್ನು ಮತ್ತೊಮ್ಮೆ ಓದತೊಡಗಿದೆ. ಈ ಸಲ ಓದಿದ್ದು ಕಟ್ಟಿಸಿದವರ ಕೀರ್ತಿಗಾಗಿ ಅಲ್ಲ. ಮರುಭೂಮಿಯಲ್ಲಿ ಒಂದು ಕಾಲುವೆ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಹೇಗೆ ಬದುಕಿತು ಎಂಬುದು ನನ್ನ ಪ್ರಶ್ನೆಯಾಗಿತ್ತು.

ಝುಬೈದಾ ಅಬ್ಬಾಸೀ ಖಲೀಫಾ ಮನ್ಸೂರರ ಮೊಮ್ಮಗಳು, ಖಲೀಫಾ ಹಾರೂನ್ ರಶೀದರ ಪತ್ನಿ, ಅಮೀನರ ತಾಯಿ. ಅವರ ನಿಜನಾಮ ಅಮತುಲ್ ಅಝೀಝ್. ಮಗುವಾಗಿದ್ದಾಗ ಅವರ ಬಿಳುಪನ್ನೂ ದುಂಡುತನವನ್ನೂ ಕಂಡು, ಅಜ್ಜ ಮುದ್ದಿನಿಂದ ಬೆಣ್ಣೆಯ ಮುದ್ದೆ ಎಂಬರ್ಥದಲ್ಲಿ 'ಝುಬೈದಾ' ಎಂದು ಕರೆದರಂತೆ; ಆ ಹೆಸರೇ ಉಳಿಯಿತು. ಹಿಜರಿ 216ರಲ್ಲಿ, ಅಂದರೆ ಕ್ರಿ.ಶ. 831ರಲ್ಲಿ, ಅವರು ಬಗ್ದಾದಿನಲ್ಲಿ ನಿಧನರಾದರು.

ಅವರ ಕಾಲದ ಮಕ್ಕಾದಲ್ಲಿ ನೀರಿಗೆ ಎಂತಹ ಬರವಿತ್ತೆಂದರೆ, ಹಜ್ಜಿನ ದಿನಗಳಲ್ಲಿ ಒಂದು ತೊಗಲುಚೀಲ ನೀರಿನ ಬೆಲೆ ಒಂದು ಚಿನ್ನದ ದೀನಾರಿಗೆ ಏರಿತ್ತು. ಇಬ್ನ್ ಖಲ್ಲಿಕಾನ್ ತಮ್ಮ ಪ್ರಸಿದ್ಧ ಜೀವನಚರಿತ್ರೆಗಳ ಸಂಗ್ರಹದಲ್ಲಿ ಇಬ್ನುಲ್ ಜೌಝಿಯವರ ಮಾತನ್ನು ಆಧರಿಸಿ ಇದನ್ನು ದಾಖಲಿಸಿದ್ದಾರೆ. ಝಮ್‌ಝಮ್ ಇರಲಿಲ್ಲವೇ ಎಂದು ಕೇಳಬಹುದು. ಝಮ್‌ಝಮ್ ಇತ್ತು, ಆದರೆ ಅದು ಹರಮಿನ ಒಳಗಿನ ಒಂದೇ ಬಾವಿ. ಮಿನಾ, ಮುಝ್ದಲಿಫಾ, ಅರಫಾತ್‌ಗಳಲ್ಲಿ ದಿನಗಟ್ಟಲೆ ತಂಗುವ ಜನಸಾಗರಕ್ಕೂ ಅವರ ಒಂಟೆ, ಕುರಿಗಳಿಗೂ ಅದರಿಂದ ನೀರು ಹೊರುವುದು ಸಾಧ್ಯವಿರಲಿಲ್ಲ.

ಝುಬೈದಾ ಎರಡು ಕಡೆಯಿಂದ ನೀರು ತರಿಸಿದರು. ಒಂದು, ಹುನೈನ್ ಕಡೆಯ ಒರತೆ. ಮತ್ತೊಂದು, ತಾಯಿಫ್ ದಾರಿಯಲ್ಲಿ ಕರಾ ಬೆಟ್ಟದ ಬುಡದಲ್ಲಿರುವ ನುಅಮಾನ್ ಕಣಿವೆ. ಬೆಟ್ಟದ ಮೇಲೆ ಬಿದ್ದ ಮಳೆ ಕಣಿವೆಯ ಮರಳು ಮತ್ತು ಜಲ್ಲಿಯ ಅಡಿಯಲ್ಲಿ ಇಂಗಿ ನಿಲ್ಲುತ್ತದೆ. ಆ ಅಂತರ್ಜಲವನ್ನು ಮೇಲ್ಭಾಗದಲ್ಲೇ ಹಿಡಿದು, ಕಲ್ಲು ಮತ್ತು ಗಾರೆಯ ಮುಚ್ಚಿದ ಕಾಲುವೆಯಲ್ಲಿ ಕೊಂಚವೇ ಇಳಿಜಾರು ಕೊಟ್ಟು ಅರಫಾತಿನವರೆಗೆ ಹರಿಸಲಾಯಿತು. ಯಂತ್ರವಿಲ್ಲ, ಏತವಿಲ್ಲ, ನೀರು ತನ್ನ ಭಾರದಿಂದಲೇ ನಡೆಯಬೇಕು. ಇಳಿಜಾರು ಹೆಚ್ಚಾದರೆ ಪ್ರವಾಹ ಗಾರೆಯನ್ನು ಕೊರೆಯುತ್ತದೆ, ಕಡಿಮೆಯಾದರೆ ಹೂಳು ನಿಲ್ಲುತ್ತದೆ. ಆದ್ದರಿಂದಲೇ ಕಾಲುವೆ ಬೆಟ್ಟಗಳ ಮೈಯನ್ನು ಬಳಸಿ ಬಳಸಿ ಸಾಗುತ್ತದೆ, ಕೆಲವೆಡೆ ನೆಲದೊಳಗೆ, ಕೆಲವೆಡೆ ಗೋಡೆಯ ಮೇಲೆ. ನಾನು ಒರಗಿದ್ದು ಅಂತಹ ಒಂದು ಗೋಡೆಗೆ.

ಖರ್ಚು ಬಹಳವಾಗುವುದೆಂದು ಮೇಲ್ವಿಚಾರಕ ಎಚ್ಚರಿಸಿದಾಗ, ಗುದ್ದಲಿಯ ಪ್ರತಿಯೊಂದು ಹೊಡೆತಕ್ಕೆ ಒಂದು ದೀನಾರ್ ತಗಲಿದರೂ ಕೆಲಸ ನಡೆಯಲಿ ಎಂದು ಝುಬೈದಾ ಹೇಳಿದರೆಂಬ ಪ್ರತೀತಿಯಿದೆ. ಒಟ್ಟು ವೆಚ್ಚ 17 ಲಕ್ಷ ದೀನಾರ್ ಎಂದು ಹಳೆಯ ಇತಿಹಾಸಕಾರರು ಬರೆದಿದ್ದಾರೆ. ಕಾಮಗಾರಿ ಮುಗಿದು ಲೆಕ್ಕದ ಪುಸ್ತಕಗಳನ್ನು ಮುಂದಿಟ್ಟಾಗ ಅವುಗಳನ್ನು ನದಿಗೆ ಎಸೆಯಿಸಿ, ಲೆಕ್ಕವನ್ನು ಲೆಕ್ಕದ ದಿನಕ್ಕೇ ಬಿಟ್ಟೆವೆಂದ ಕಥೆಯಂತೂ ನಮ್ಮ ಪ್ರವಚನಗಳಲ್ಲಿ ಬಹಳ ಜನಪ್ರಿಯ. ನಾನೂ ಹೇಳಿದ್ದೇನೆ, ಸಭಿಕರ ಕಣ್ಣು ಒದ್ದೆಯಾದದ್ದನ್ನು ಕಂಡಿದ್ದೇನೆ. ಈಗ ಆ ಕಥೆ ಹೇಳಲು ನನಗೆ ಅಷ್ಟು ಮನಸ್ಸಾಗುವುದಿಲ್ಲ. ಏಕೆಂದರೆ ಈ ಕಾಲುವೆಯ ಬಾಳ್ವೆ ನಿಂತದ್ದು ಲೆಕ್ಕ ಎಸೆದವರಿಂದಲ್ಲ, ಲೆಕ್ಕ ಇಟ್ಟವರಿಂದ.

ಕಾಲುವೆಯ ಉದ್ದಕ್ಕೂ ಅಲ್ಲಲ್ಲಿ ನೆಲದಿಂದ ಕಾಲುವೆಗೆ ಇಳಿಯುವ ಕಿಂಡಿಬಾವಿಗಳಿವೆ. ಅವಕ್ಕೆ 'ಖರಝಾತ್' ಎನ್ನುತ್ತಾರೆ. ಅವು ಇರುವುದು ಮುಖ್ಯವಾಗಿ ಮನುಷ್ಯ ಒಳಗಿಳಿದು ಹೂಳು ತೆಗೆಯಲು. ಅಂದರೆ ಕಟ್ಟುವ ದಿನವೇ, ಇದು ಕಟ್ಟಿಕೊಳ್ಳುತ್ತದೆ, ಇದರೊಳಗೆ ಯಾರಾದರೂ ಇಳಿಯಬೇಕಾಗುತ್ತದೆ ಎಂದು ಕಟ್ಟಿದವರಿಗೆ ಗೊತ್ತಿತ್ತು. ಕೂಫಾದಿಂದ ಮಕ್ಕಾಕ್ಕೆ ಬರುವ ಸುಮಾರು 1,400 ಕಿಲೋಮೀಟರ್ ಯಾತ್ರಾಮಾರ್ಗದಲ್ಲಿಯೂ ಇದೇ ವಿವೇಕ ಕಾಣುತ್ತದೆ. ಆ ಮಾರ್ಗಕ್ಕೆ ಇಂದಿಗೂ 'ದರ್ಬ್ ಝುಬೈದಾ' ಎಂದೇ ಹೆಸರು. ಅಲ್ಲಿನ ಕೆಲವು ಕೊಳಗಳಲ್ಲಿ ಮಳೆಯ ಪ್ರವಾಹ ನೇರವಾಗಿ ಒಳಗೆ ಬರುವುದಿಲ್ಲ. ಮೊದಲು ಪಕ್ಕದ ಚಿಕ್ಕ ತೊಟ್ಟಿಯಲ್ಲಿ ನಿಂತು, ಮಣ್ಣು ತಳಕ್ಕಿಳಿದ ಮೇಲೆ ತಿಳಿನೀರು ದೊಡ್ಡ ಕೊಳಕ್ಕೆ ಹೋಗುತ್ತದೆ. 1184ರಲ್ಲಿ ಆ ದಾರಿಯಲ್ಲಿ ಸಾಗಿದ ಅಂದಲೂಸಿನ ಪ್ರವಾಸಿ ಇಬ್ನ್ ಜುಬೈರ್, ಝುಬೈದಾರ ಈ ಕಾರ್ಯವಿಲ್ಲದಿದ್ದರೆ ಆ ದಾರಿಯಲ್ಲಿ ಯಾರೂ ನಡೆಯಲಾಗುತ್ತಿರಲಿಲ್ಲವೆಂಬ ಅರ್ಥದಲ್ಲಿ ಬರೆದಿದ್ದಾರೆ. ಆಗ ಅವರು ತೀರಿಕೊಂಡು ಮೂರೂವರೆ ಶತಮಾನಗಳು ಕಳೆದಿದ್ದವು.

ಹೂಳೆತ್ತುವ ಹೊಣೆ ಯಾರದು? ಈ ಪ್ರಶ್ನೆಯನ್ನು ನಮ್ಮ ಫಿಕ್‌ಹ್ ಪಂಡಿತರು ಬಹಳ ಗಂಭೀರವಾಗಿ ಎತ್ತಿಕೊಂಡಿದ್ದರು. ಝುಬೈದಾರ ಪತಿ ಹಾರೂನ್ ರಶೀದರಿಗಾಗಿಯೇ ಇಮಾಮ್ ಅಬೂ ಯೂಸುಫ್ ಬರೆದ 'ಕಿತಾಬುಲ್ ಖರಾಜ್' ಗ್ರಂಥದಲ್ಲಿ ನದಿ, ಕಾಲುವೆ, ಬಾವಿಗಳ ವಿಚಾರ ವಿಸ್ತಾರವಾಗಿ ಬರುತ್ತದೆ. ದಜ್ಲಾ, ಫುರಾತ್‌ಗಳಂತಹ ಮಹಾನದಿಗಳು ಎಲ್ಲ ಜನರಿಗೂ ಸೇರಿದವು. ಅವುಗಳ ಹೂಳೆತ್ತುವ ಖರ್ಚು ಬೈತುಲ್ ಮಾಲ್‌ನದು. ಕೆಲವೇ ಜನರಿಗೆ ಸೇರಿದ ಕಾಲುವೆಯಾದರೆ ಖರ್ಚು ಆ ಬಳಕೆದಾರರದು.

ಹನಫೀ ಮದ್ರಸಾಗಳಲ್ಲಿ ಓದಿದವರಿಗೆ ಮರ್ಗೀನಾನಿಯವರ 'ಹಿದಾಯ' ಗ್ರಂಥದ ಪಾಠ ನೆನಪಿರಬಹುದು. ಹಲವರ ಹೊಲಗಳ ನಡುವೆ ಹರಿಯುವ ಕಾಲುವೆಯ ಹೂಳನ್ನು ಮೇಲಿನಿಂದ ತೆಗೆಯುತ್ತಾ ಬರುತ್ತಾರೆ. ಮೊದಲನೆಯವನ ಹೊಲ ದಾಟಿತು. ಇನ್ನು ಕೆಳಗಿನ ಭಾಗದ ಕೆಲಸದಲ್ಲಿ ಅವನಿಗೆ ಪಾಲಿದೆಯೇ? ಇಲ್ಲ, ಕೆಲಸ ಅವನ ಹೊಲವನ್ನು ದಾಟಿದ ಕೂಡಲೇ ಅವನ ಭಾರ ಇಳಿಯಿತು ಎಂದರು ಇಮಾಮ್ ಅಬೂ ಹನೀಫಾ. ಅವರಿಬ್ಬರು ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಇದನ್ನು ಒಪ್ಪಲಿಲ್ಲ. ಕಾಲುವೆಯ ತಲೆಯಿಂದ ತುದಿಯವರೆಗಿನ ಖರ್ಚು ಎಲ್ಲರ ಮೇಲೂ ಪಾಲಿನಂತೆ ಬೀಳುತ್ತದೆ. ಏಕೆಂದರೆ ಮೇಲಿನವನಿಗೂ ತನ್ನ ಹೊಲದ ಹೆಚ್ಚುವರಿ ನೀರು ಹರಿದುಹೋಗಲು ಕೆಳಗಿನ ಕಾಲುವೆ ಬೇಕು ಎಂದು ಅವರು ವಾದಿಸಿದರು. ವಿದ್ಯಾರ್ಥಿಯಾಗಿದ್ದಾಗ ನನಗೆ ಇದೊಂದು ಒಣ ಚರ್ಚೆಯಾಗಿ ಕಂಡಿತ್ತು. ಪರೀಕ್ಷೆಗೆ ಎರಡು ಅಭಿಪ್ರಾಯಗಳನ್ನು ಬಾಯಿಪಾಠ ಮಾಡಿದರೆ ಸಾಕೆಂದುಕೊಂಡಿದ್ದೆ. ಗುರುವಿನ ಅಭಿಪ್ರಾಯಕ್ಕೂ ತರ್ಕವಿದೆ, ಅದರ ಬಗ್ಗೆ ತೀರ್ಪು ಕೊಡುವ ಅರ್ಹತೆ ನನಗಿಲ್ಲ. ಆದರೆ ಮನಸ್ಸು ಈಗ ಶಿಷ್ಯರ ಕಡೆಗೇ ವಾಲುತ್ತದೆ. ನೀರನ್ನು ಪಡೆಯುವುದರಲ್ಲಿ ಮಾತ್ರವಲ್ಲ, ಬಿಟ್ಟುಕೊಡುವುದರಲ್ಲಿಯೂ ನಾವು ಪರಸ್ಪರರಿಗೆ ಕಟ್ಟುಬಿದ್ದವರು ಎಂಬುದನ್ನು ಅವರು ಕಂಡಿದ್ದರು.

ಅದೇ ಅಧ್ಯಾಯದಲ್ಲಿ 'ಹಕ್ಕುಶ್ಶಫಾ' ಎಂಬ ಇನ್ನೊಂದು ಮಾತಿದೆ. ಶಫಾ ಎಂದರೆ ತುಟಿ. ಕಾಲುವೆ ಯಾರದೇ ಇರಲಿ, ಬಾಯಾರಿ ಬಂದ ಮನುಷ್ಯನ ಮತ್ತು ಪ್ರಾಣಿಯ ತುಟಿಗೆ ಅದರಲ್ಲಿ ಹಕ್ಕಿದೆ. ನೀರು, ಹುಲ್ಲು, ಬೆಂಕಿ ಈ ಮೂರರಲ್ಲಿ ಜನರೆಲ್ಲರೂ ಪಾಲುದಾರರೆಂದು ಪ್ರವಾದಿ(ಸ) ತಿಳಿಸಿದ ಹದೀಸೇ ಇದಕ್ಕೆ ಆಧಾರ. ವಿಶೇಷವೆಂದರೆ, ಈ ತುಟಿಯ ಹಕ್ಕುಳ್ಳವರ ಮೇಲೆ ಹೂಳೆತ್ತುವ ಖರ್ಚನ್ನು ಹಾಕುವಂತಿಲ್ಲ. ಅವರು ಎಣಿಕೆಗೆ ಸಿಗದವರು. ಇಂದು ಬಂದು ನಾಳೆ ಹೋಗುವವರು. ಅರಫಾತಿನ ಹಾಜಿ ಅಂಥವನು. ಹಾಗಾದರೆ ಅವನ ಪಾಲಿನ ಹೂಳನ್ನು ಎತ್ತುವವರು ಯಾರು? ವಕ್ಫ್, ಬೈತುಲ್ ಮಾಲ್, ಇಲ್ಲವೇ ಅವನನ್ನು ಎಂದೂ ಕಾಣದ ಯಾವನೋ ಒಬ್ಬ ದಾನಿ. ಅವರು ಮರೆತರೆ ಏನಾಗುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ಸಾಕ್ಷಿಯಿದೆ.

ಐನ್ ಝುಬೈದಾ ಅನೇಕ ಸಲ ನಿಂತಿತು, ಅನೇಕ ಸಲ ಹರಿಯಿತು. ಅಬ್ಬಾಸೀ ಖಲೀಫರು ದುರಸ್ತಿ ಮಾಡಿಸಿದರು. ಅವರ ಆಳ್ವಿಕೆ ಮುಗಿದ ಮೇಲೆ, 1326ರಲ್ಲಿ, ಬಗ್ದಾದನ್ನು ಸುಟ್ಟ ಮಂಗೋಲರ ವಂಶಸ್ಥರ ರಾಜ್ಯದ ಅಮೀರ್ ಚೂಪಾನ್ ಮಕ್ಕಾಕ್ಕೆ ಮತ್ತೆ ನೀರು ಹರಿಸಿದರು. ಅಜ್ಜಂದಿರು ಕೆಡಿಸಿದ್ದನ್ನು ಮೊಮ್ಮಕ್ಕಳು ಕಟ್ಟಿದ ಅಪೂರ್ವ ಪ್ರಸಂಗವದು. ಆದರೆ ಹದಿನಾರನೆಯ ಶತಮಾನದ ಆರಂಭಕ್ಕೆ ಕಾಲುವೆ ಮತ್ತೆ ಒಡೆದು, ಹೂಳು ತುಂಬಿ ಅನಾಥವಾಗಿತ್ತು.

ಆ ಕಾಲದ ಸಾಕ್ಷಿ ನಮ್ಮ ದೇಶದ ಮೂಲದವರೇ. ಕುತ್ಬುದ್ದೀನ್ ನಹ್ರವಾಲಿ ಎಂಬ ಮಕ್ಕಾದ ಮುಫ್ತಿ ಆ ನಗರದ ಇತಿಹಾಸವನ್ನು ಬರೆದರು. ನಹ್ರವಾಲಾ ಎಂದರೆ ಗುಜರಾತಿನ ಪಟ್ಟಣ. ಅವರ ಮನೆತನ ಅಲ್ಲಿಂದ ಬಂದದ್ದು. ಹಿಜರಿ 930ರ, ಅಂದರೆ 1524ರ ಹಜ್ಜನ್ನು ಅವರು ನೆನಪಿಸಿಕೊಳ್ಳುತ್ತಾರೆ. ಆಗ ಅವರು ತಂದೆಯ ಜೊತೆಗಿದ್ದ ಹುಡುಗ. ಮಕ್ಕಾದಿಂದ ಹೊತ್ತು ತಂದ ನೀರು ಅರಫಾತಿನಲ್ಲಿ ಮುಗಿದುಹೋಯಿತು. ಒಂದು ಬೆರಳಿಗೆ ಸಿಕ್ಕಿಸಿಕೊಂಡು ಹೋಗಬಹುದಾದಷ್ಟು ಚಿಕ್ಕ ತೊಗಲುಚೀಲವೊಂದನ್ನು ತಂದೆ ಒಂದು ಚಿನ್ನದ ದೀನಾರ್ ಕೊಟ್ಟು ಕೊಂಡರು. ಸುತ್ತಲೂ ಬಡವರು ಗಂಟಲು ಒದ್ದೆ ಮಾಡಿಕೊಳ್ಳುವಷ್ಟಾದರೂ ನೀರು ಕೊಡಿರೆಂದು ಕೂಗುತ್ತಿದ್ದರು. ಮನೆಯವರು ಸ್ವಲ್ಪ ಕುಡಿದು ಉಳಿದದ್ದನ್ನು ಅವರಿಗೆ ಕೊಟ್ಟರು. ವುಕೂಫಿನ ಹೊತ್ತು ಬಂತು, ಜನ ಬಾಯಾರಿಯೇ ಪ್ರಾರ್ಥನೆಗೆ ನಿಂತರು. ಆಗ ಆಕಾಶ ಮಳೆ ಸುರಿಸಿತು.

ಅಲ್ಲಾಹನ ಕರುಣೆಯ ಈ ಪ್ರಸಂಗವನ್ನು ಓದಿ ಅಲ್‌ಹಮ್ದುಲಿಲ್ಲಾಹ್ ಎನ್ನುವುದು ಸುಲಭ. ಆದರೆ ಆ ಬೆಲೆಯನ್ನು ಒಮ್ಮೆ ಗಮನಿಸಿ. ಝುಬೈದಾರ ಕಾಲುವೆಗೆ ಮುಂಚೆ ಒಂದು ಚೀಲಕ್ಕೆ ಒಂದು ದೀನಾರ್. ಏಳು ಶತಮಾನಗಳ ನಂತರ, ಅವರದೇ ಕಾಲುವೆಯ ಬಳಿ, ಅದಕ್ಕಿಂತಲೂ ಚಿಕ್ಕ ಚೀಲಕ್ಕೆ ಅದೇ ದೀನಾರ್. ಮಳೆ ಸುರಿಸಿದವನು ಅಲ್ಲಾಹು. ಕಾಲುವೆಯಲ್ಲಿ ಹೂಳು ಬಿಟ್ಟವರು ಮನುಷ್ಯರು.

ಮುಂದಿನ ಅಧ್ಯಾಯ ಇನ್ನೊಬ್ಬ ಮಹಿಳೆಯದು. ಉಸ್ಮಾನೀ ಸುಲ್ತಾನ್ ಸುಲೈಮಾನರ ಮಗಳು ಮಿಹ್ರಿಮಾ, ಮೊದಲು ಇಂತಹ ಕೆಲಸ ಮಾಡಿಸಿದವಳು ಒಬ್ಬ ಹೆಣ್ಣು, ಇದನ್ನೂ ನನಗೇ ಬಿಟ್ಟುಕೊಡಿ ಎಂದು ತಂದೆಯಲ್ಲಿ ಕೇಳಿ ಹೊಣೆ ಹೊತ್ತರು. 1562ರ ಸುಮಾರಿಗೆ ಈಜಿಪ್ಟಿನ ದಫ್ತರ್‌ದಾರರಾಗಿದ್ದ ಇಬ್ರಾಹೀಮರ ಮೇಲ್ವಿಚಾರಣೆಯಲ್ಲಿ ಕೆಲಸ ಆರಂಭವಾಯಿತು. ಹೂಳೆತ್ತಿದರೆ ಮುಗಿಯಿತೆಂದು ಅಂದುಕೊಂಡಿದ್ದರು. ಆದರೆ ಅರಫಾತಿನ ಕಡೆಯ ಕಾಲುವೆ ಮಕ್ಕಾ ತಲುಪುವ ಮುನ್ನವೇ ಒಂದು ಬಾವಿಯಲ್ಲಿ ಕೊನೆಗೊಂಡಿತ್ತು; ಅದರಾಚೆ ಸುಮಾರು ಎರಡು ಸಾವಿರ ಮೊಳ ಗಟ್ಟಿ ಬಂಡೆ. ಸಿಡಿಮದ್ದಿನ ಕಾಲವಲ್ಲ. ರಾತ್ರಿಯಿಡೀ ಬಂಡೆಯ ಮೇಲೆ ನೂರಾರು ಹೊರೆ ಸೌದೆ ಉರಿಸಿ, ಬೆಳಗ್ಗೆ ಮೆದುವಾದ ತೆಳು ಪದರವನ್ನು ಉಳಿಯಿಂದ ಕೆತ್ತಿ, ರಾತ್ರಿ ಮತ್ತೆ ಬೆಂಕಿ ಹಾಕಬೇಕಿತ್ತು. ಮಕ್ಕಾದ ಸುತ್ತಲಿನ ಸೌದೆ ತೀರಿ ದೂರದಿಂದ ತರಿಸಬೇಕಾಯಿತು. ಇಬ್ರಾಹೀಂ ಕೆಲಸದ ಮಧ್ಯದಲ್ಲಿಯೇ ಮಕ್ಕಾದಲ್ಲಿ ತೀರಿಕೊಂಡರು. 1566ರಲ್ಲಿ ಸುಲ್ತಾನ್ ಸುಲೈಮಾನರೂ ತೀರಿಕೊಂಡರು. ಕಾಮಗಾರಿ ಬೇರೆಯವರ ಕೈಗಳಿಗೆ ದಾಟಿ, ಹಿಜರಿ 979ರಲ್ಲಿ, ಅಂದರೆ 1571-72ರಲ್ಲಿ, ನೀರು ಮಕ್ಕಾ ನಗರವನ್ನು ಹೊಕ್ಕಿತು. ಬಾಲ್ಯದಲ್ಲಿ ದೀನಾರಿನ ನೀರು ಕುಡಿದ ನಹ್ರವಾಲಿ ಮುದುಕರಾಗಿ ಇದನ್ನು ಕಣ್ಣಾರೆ ಕಂಡು ಬರೆದಿಟ್ಟರು. ಅವರ ಬರಹವಿಲ್ಲದಿದ್ದರೆ ಆ ಬೆಂಕಿಯ ರಾತ್ರಿಗಳ ನೆನಪೂ ಉಳಿಯುತ್ತಿರಲಿಲ್ಲ. ಬಂಡೆ ಕೆತ್ತಿದ ಕೂಲಿಗಳ ಹೆಸರುಗಳಂತೂ ಉಳಿದಿಲ್ಲ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾಲುವೆ ಮತ್ತೊಮ್ಮೆ ಹದಗೆಟ್ಟಾಗ ಭಾರತದ ಮುಸ್ಲಿಮರೂ ಅದರ ದುರಸ್ತಿಗೆ ಚಂದಾ ಕಳುಹಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಪಂಪುಗಳು ಬಂದವು, ಕಣಿವೆಯ ಅಂತರ್ಜಲ ಇಳಿಯಿತು. ಸಮುದ್ರದ ನೀರನ್ನು ಸಿಹಿ ಮಾಡಿ ಕೊಳವೆಯಲ್ಲಿ ಮಕ್ಕಾಕ್ಕೆ ಹರಿಸುವ ವ್ಯವಸ್ಥೆ ಬಂತು. ಕಾಲುವೆ ವಿಶ್ರಾಂತಿ ಪಡೆಯಿತು. ನನ್ನ ಕೈಯಲ್ಲಿದ್ದ ಬಾಟಲಿ ಆ ಹೊಸ ಯುಗದ್ದು.

ನಮ್ಮ ನಾಡಿನಲ್ಲಿಯೂ ಈ ವಿದ್ಯೆ ಅಪರಿಚಿತವಾಗಿರಲಿಲ್ಲ. ವಿಜಯಪುರದಲ್ಲಿ ಮುಹಮ್ಮದ್ ಆದಿಲ್ ಶಾಹ್ 1651ರಲ್ಲಿ ಕಟ್ಟಿಸಿದ ಬೇಗಂ ತಲಾಬಿನ ನೀರು ಮಣ್ಣಿನ ಕೊಳವೆಗಳಲ್ಲಿ ನೆಲದಡಿ ಹರಿದು ನಗರಕ್ಕೆ ಬರುತ್ತಿತ್ತು. ದಾರಿಯಲ್ಲಿ 'ಗಂಜ್' ಎಂಬ ಗೋಪುರಗಳಿದ್ದವು. ನೀರಿನ ಒತ್ತಡ ಇಳಿಸುವುದು, ಕೊಳೆ ತಳಕ್ಕೆ ಕೂರಲು ಬಿಡುವುದು ಅವುಗಳ ಕೆಲಸ. ಬೀದರಿನ ನೌಬಾದಿನಲ್ಲಿ ಬಹಮನೀ ಕಾಲದ ಕರೇಝ್ ಇದೆ. ಅದಕ್ಕೂ ನುಅಮಾನ್ ಕಣಿವೆಯ ಕಾಲುವೆಯಂತೆ ಇಳಿಯುವ ಕಿಂಡಿಬಾವಿಗಳಿವೆ. ನಮ್ಮ ಕಾಲದಲ್ಲಿ ಅವುಗಳಲ್ಲಿ ಕೆಲವು ಕಸದ ಗುಂಡಿಗಳಾಗಿದ್ದವು. ವಿಶ್ವ ಸ್ಮಾರಕ ನಿಧಿಯು ದಖ್ಖನ್ ಪ್ರಸ್ಥಭೂಮಿಯ ಐತಿಹಾಸಿಕ ಜಲವ್ಯವಸ್ಥೆಗಳನ್ನು ತನ್ನ 2020ರ ಕಾಳಜಿಯ ಪಟ್ಟಿಗೆ ಸೇರಿಸಿತು. ನ್ಯೂಯಾರ್ಕಿನವರು ಪಟ್ಟಿಗೆ ಸೇರಿಸಿದ ಮೇಲೆ ನಮಗೆ ಹೆಮ್ಮೆಯಾಯಿತು.

ಇಷ್ಟನ್ನು ಬರೆದ ಮೇಲೆ ನನ್ನದೊಂದು ತಪ್ಪನ್ನು ಮುಚ್ಚಿಟ್ಟರೆ ಸರಿಯಾಗದು. ನಾನು ಮೊದಲು ಪಾಠ ಹೇಳುತ್ತಿದ್ದ ಮದ್ರಸಾದ ಅಂಗಳದಲ್ಲಿ ಒಂದು ಹಳೆಯ ತೆರೆದ ಬಾವಿಯಿತ್ತು. ಯಾರೋ ಪುಣ್ಯವಂತರು ತಮ್ಮ ತಾಯಿಯ ಹೆಸರಿನಲ್ಲಿ ವಕ್ಫ್ ಮಾಡಿದ್ದೆಂದು ಹಿರಿಯರು ಹೇಳುತ್ತಿದ್ದರು. ಕೊಳವೆಬಾವಿ ಬಂದ ಮೇಲೆ ಅದರ ಹೂಳು ತೆಗೆಯುವವರಿಲ್ಲವಾದರು. ಹುಡುಗರು ಬೀಳುತ್ತಾರೆ, ಸೊಳ್ಳೆ ಹೆಚ್ಚಿದೆ, ಜಾಗ ಬೇಕು ಎಂದು ಸಮಿತಿಯ ಸಭೆಯಲ್ಲಿ ಅದನ್ನು ಮುಚ್ಚುವ ಪ್ರಸ್ತಾಪ ಬಂತು. ವಕ್ಫ್ ಮಾಡಿದವರ ಇಂಗಿತವನ್ನು ಬದಲಿಸಬಹುದೇ ಎಂದು ಕೇಳಬೇಕಾದವನು ನಾನೇ. ಆ ಮಸ್‌ಅಲಾ ಓದಿದ್ದವನು ಅಲ್ಲಿ ನಾನೊಬ್ಬನೇ. ನಾನು ಕೇಳಲಿಲ್ಲ, ಉಳಿದವರೊಂದಿಗೆ ಕೈ ಎತ್ತಿದೆ. ಎರಡು ದಿನದಲ್ಲಿ ಬಾವಿ ಕಲ್ಲುಮಣ್ಣಿನಿಂದ ತುಂಬಿತು. ಮೂರನೆಯ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿತು. ವುಝೂವಿಗೆ ಟ್ಯಾಂಕರ್ ನೀರು ಕೊಂಡೆವು.

ಈಗ ಬೇರೊಂದು ಊರಿನಲ್ಲಿದ್ದೇನೆ. ಕಳೆದ ವರ್ಷ 'ಹಿದಾಯ'ದ ಅದೇ ಪಾಠ ಬಂದಾಗ, ಗುರು ಮತ್ತು ಶಿಷ್ಯರ ಅಭಿಪ್ರಾಯಗಳನ್ನು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನ ಹುಡುಗನೊಬ್ಬ, "ಉಸ್ತಾದ್, ನಮ್ಮ ಹೌಝಿನ ನೀರು ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿದ. ಒಂದು ಮುದ್ದ್, ಅಂದರೆ ಒಂದು ಲೀಟರಿಗೂ ಕಡಿಮೆ ನೀರಿನಲ್ಲಿ ಪ್ರವಾದಿ(ಸ) ವುಝೂ ಮಾಡುತ್ತಿದ್ದರೆಂಬುದು ನನಗೆ ಗೊತ್ತಿತ್ತು. ನಮ್ಮ ಹೌಝಿನ ನೀರು ಎಲ್ಲಿಗೆ ಹೋಗುತ್ತದೆಂಬುದು ಗೊತ್ತಿರಲಿಲ್ಲ. ಪುಸ್ತಕ ಮುಚ್ಚಿ ಎಲ್ಲರೂ ಹೊರಗೆ ಹೋಗಿ ಚರಂಡಿಯ ಜಾಡು ಹಿಡಿದೆವು. ಅದು ಗೋಡೆಯ ಕೆಳಗೆ ನುಸುಳಿ, ಹಿಂದಿನ ಓಣಿಯಲ್ಲಿ ಬೀಡಿ ಕಟ್ಟುವ ವೃದ್ಧೆಯೊಬ್ಬರ ಮನೆಯ ಮೆಟ್ಟಿಲ ಬಳಿ ಮಡುಗಟ್ಟಿ ನಿಂತಿತ್ತು. ನಮ್ಮನ್ನು ಕಂಡು ಆಕೆ ಬಾಗಿಲಿಗೆ ಬಂದು, "ಇಷ್ಟು ವರ್ಷದಲ್ಲಿ ಇವತ್ತು ನೋಡಲು ಬಂದಿರಾ?" ಎಂದರು.

ಮುಂದಿನ ಜುಮಾ ನಂತರ ಗುದ್ದಲಿ ಹಿಡಿದೆವು. ಮಸೀದಿಯ ಹಿಂಭಾಗದಲ್ಲಿ ಎಂಟು ಅಡಿ ಆಳದ ಇಂಗುಗುಂಡಿ ತೋಡಿ, ದಪ್ಪ ಕಲ್ಲು, ಜಲ್ಲಿ, ಮರಳು ತುಂಬಿ, ಅದಕ್ಕಿಂತ ಮೊದಲು ಕೆಸರು ನಿಲ್ಲಲು ಒಂದು ಚಿಕ್ಕ ತೊಟ್ಟಿ ಕಟ್ಟಿದೆವು. ಆ ತೊಟ್ಟಿಯನ್ನು ತಿಂಗಳಿಗೊಮ್ಮೆ ಬಳಿದು ತೆಗೆಯಬೇಕು. ಯಾವ ತಿಂಗಳು ಯಾರ ಸರದಿ ಎಂಬ ಪಟ್ಟಿಯನ್ನು ಹುಡುಗರೇ ಬರೆದು ಹೌಝಿನ ಗೋಡೆಗೆ ಅಂಟಿಸಿದ್ದಾರೆ. ಮುಹರ್ರಮ್ ತಿಂಗಳು ನನ್ನದು.